ಜಾರ್ಜಿಯಾದ ಒಡತಿಯ ಕಾಗದಗಳು: ಇವನ್ನು ಹೇಗೆ ಓದಬೇಕು?

ಓದುಗಿ_ಅಟ್ಲಾಂಟಾ:
ಮೇರಿ ಜೋನ್ಸ್ ಅವರ ಪತ್ರಗಳನ್ನು ಓದುತ್ತಿದ್ದೇನೆ. ಅಮೆರಿಕದ ಜಾರ್ಜಿಯಾ ರಾಜ್ಯದ ಲಿಬರ್ಟಿ ಕೌಂಟಿಯಲ್ಲಿ, ಗುಲಾಮರು ದುಡಿಯುತ್ತಿದ್ದ ಮಾಂಟೆವಿಡಿಯೊ ತೋಟದ ಒಡತಿ. ಗಂಡ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಪಾದ್ರಿ, ಗುಲಾಮರಿಗೆ ಧರ್ಮಬೋಧೆ ಮಾಡಿ ಹೆಸರಾದವರು, 1863ರಲ್ಲೇ ತೀರಿಕೊಂಡರು. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಡಿಸೆಂಬರಿನಲ್ಲಿ, ಉತ್ತರದ ಸೇನಾಪತಿ ಶರ್ಮನ್ನನ ಸೈನಿಕರು ಮನೆಗೆ ನುಗ್ಗಿ ಸಿಕ್ಕಿದ್ದನ್ನೆಲ್ಲ ದೋಚುತ್ತಾರೆ. ಆ ಗಲಭೆಯ ನಡುವೆಯೇ, ಜನವರಿಯಲ್ಲಿ, ಮಗಳಿಗೆ ಅಲ್ಲೇ ಹೆರಿಗೆ. ಓದುವಾಗ ಕರುಳು ಚುರುಕ್ಕೆನ್ನುತ್ತದೆ. ಆದರೆ ಯುದ್ಧ ಮುಗಿದ ಮೇಲೆ ಇದೇ ತಾಯಿ, ಬಿಡುಗಡೆಯಾಗಿ ಬಿಟ್ಟುಹೋದ ಆಳುಗಳನ್ನು ಕೃತಘ್ನರು, ಸೋಮಾರಿಗಳು ಎಂದು ಬರೆಯುವ ಮಾತು ಓದಲಾಗುವುದಿಲ್ಲ. ಈಕೆಯ ಸಂಕಟಕ್ಕೆ ಮರುಗುವುದು ತಪ್ಪೇ?

ಹಳೇಕಡತ:
ಮರುಗಿ, ತಪ್ಪಿಲ್ಲ. ಆದರೆ ಉಂಡ ಮನೆಯ ಜಂತೆ ಎಣಿಸಿದರು ಎನ್ನುವ ಆ ಧಾಟಿ ಇದೆಯಲ್ಲ, ಅಲ್ಲಿ ನಿಂತು ಒಂದು ಪ್ರಶ್ನೆ ಕೇಳಿ: ಆ ಮನೆಯ ಅನ್ನ ಬೆಳೆದವರು ಯಾರು? ಕೂಲಿ ಎಷ್ಟು ಕೊಟ್ಟಿದ್ದರು?

ಈ ಲೆಕ್ಕವನ್ನು ಒಬ್ಬರು ಆಗಲೇ ಮಾಡಿಟ್ಟಿದ್ದಾರೆ. ಟೆನೆಸಿಯ ಕರ್ನಲ್ ಆಂಡರ್ಸನ್ ತನ್ನ ಹಳೆಯ ಗುಲಾಮ ಜೋರ್ಡನ್ ಆಂಡರ್ಸನ್‌ಗೆ ಕೆಲಸಕ್ಕೆ ವಾಪಸ್ ಬಾ ಎಂದು ಕಾಗದ ಹಾಕಿದ. ಜೋರ್ಡನ್ ಆಗ ಒಹಾಯೊದ ಡೇಟನ್‌ನಲ್ಲಿ ತಿಂಗಳಿಗೆ 25 ಡಾಲರ್ ದುಡಿಯುತ್ತಿದ್ದರು. 1865ರ ಆಗಸ್ಟ್ 7ರಂದು ಉತ್ತರ ಬರೆಸಿದರು: ನನ್ನ ದುಡಿಮೆ 32 ವರ್ಷ, ಹೆಂಡತಿ ಮ್ಯಾಂಡಿಯದು 20 ವರ್ಷ, ಇಬ್ಬರದೂ ಸೇರಿ 11,680 ಡಾಲರ್ ಬಾಕಿ. ಬಡ್ಡಿಯನ್ನೂ ಸೇರಿಸಿ, ಕೊಟ್ಟ ಬಟ್ಟೆ, ಮೂರು ಸಲ ಬಂದ ವೈದ್ಯರು, ಮ್ಯಾಂಡಿಯ ಹಲ್ಲು ಕೀಳಿಸಿದ ಖರ್ಚು ಕಳೆದು ಉಳಿದದ್ದು ಕಳಿಸಿ, ಆಮೇಲೆ ಬರುವ ಮಾತು. ಧಣಿಗಳ ಕಾಗದ ಓದಿದಾಗಲೆಲ್ಲ ನಾನು ಈ ಉತ್ತರವನ್ನು ಪಕ್ಕದಲ್ಲಿಟ್ಟುಕೊಳ್ಳುತ್ತೇನೆ.

ಕರಾವಳಿಯವ:
ಇನ್ನೊಂದು ಸಂಗತಿ. 1865ರ ಜನವರಿಯಲ್ಲಿ ಶರ್ಮನ್ ಜಾರ್ಜಿಯಾ ಕಡೆಯ ಕರಾವಳಿಯ ಜಮೀನನ್ನು ಬಿಡುಗಡೆಯಾದವರಿಗೆ, ಕುಟುಂಬಕ್ಕೆ ಹೆಚ್ಚೆಂದರೆ 40 ಎಕರೆಯಂತೆ, ಹಂಚಲು ಆದೇಶಿಸಿದ್ದ. ಅದೇ ವರ್ಷ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಹಳೆ ಧಣಿಗಳಿಗೇ ವಾಪಸ್ ಕೊಡಿಸಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಾಗಾದವರು ಅದೇ ಧಣಿಯ ಕೂಲಿ ಕರಾರಿಗೆ ರುಜು ಹಾಕಲು ಹಿಂದೆಮುಂದೆ ನೋಡಿದರೆ ಅದನ್ನು ಸೋಮಾರಿತನ ಎನ್ನಲಾದೀತೆ?

ಓದುಗಿ_ಅಟ್ಲಾಂಟಾ:
ಈ ಹಿನ್ನೆಲೆ ಗೊತ್ತಿರಲಿಲ್ಲ, ಇಬ್ಬರಿಗೂ ಥ್ಯಾಂಕ್ಸ್. ಆದರೆ ಮಾಂಟೆವಿಡಿಯೊದ ಆಳುಗಳೇ ಆಡಿದ ಮಾತು ಎಲ್ಲಾದರೂ ಉಳಿದಿದೆಯೇ?

ಹಳೇಕಡತ:
ಇದೆ. ಫೀಬಿ ಮತ್ತು ಕ್ಯಾಶಿಯಸ್ ಎಂಬ ದಂಪತಿಯನ್ನು ಈ ಜೋನ್ಸ್ ಕುಟುಂಬವೇ 1856ರ ಕೊನೆಗೆ ಮಾರಿತು. ಅವರು ನ್ಯೂ ಆರ್ಲಿಯನ್ಸ್ ಸೇರಿದರು. 1857ರ ಮಾರ್ಚಿನಲ್ಲಿ ಅಲ್ಲಿಂದ ಬರೆಸಿದ ಕಾಗದದಲ್ಲಿ ಹಿಂದೆ ಉಳಿದ ಮಗಳು ಕ್ಲಾರಿಸ್ಸಾಗೂ ನ್ಯಾನ್ಸಿಗೂ ನೆನಪು ಹೇಳಿದ್ದಾರೆ. ಇದನ್ನು ಮೊದಲು ಓದಿ, ಆಮೇಲೆ ಒಡತಿಯ 1865ರ ಕಾಗದ ಓದಿ. ಆ ಮನೆಯಲ್ಲಿ ಯಾರು ಯಾರನ್ನು ಕೈಬಿಟ್ಟರು ಎಂಬುದರ ಕ್ರಮವೇ ಬದಲಾಗುತ್ತದೆ. ಮೇರಿ ಜೋನ್ಸ್ ಕೂಡ ಕೊನೆಗೆ ತೋಟ ಬಿಟ್ಟು ನ್ಯೂ ಆರ್ಲಿಯನ್ಸಿಗೇ ಹೋದರು, ಮಗಳ ಮನೆಗೆ. 1869ರಲ್ಲಿ ಅಲ್ಲೇ ತೀರಿಕೊಂಡರು.

ಉಳಿದವರನ್ನು ಹುಡುಕುವುದಾದರೆ 1870ರ ಜನಗಣತಿಯಿಂದ ಶುರುಮಾಡಿ. 1850, 1860ರ ಗುಲಾಮರ ಪಟ್ಟಿಗಳಲ್ಲಿ ಧಣಿಯ ಹೆಸರಿನ ಕೆಳಗೆ ಇರುವುದು ಬರೀ ವಯಸ್ಸು, ಲಿಂಗ, ಬಣ್ಣ. ಬಿಡುಗಡೆಯಾದ ಗುಲಾಮರಿಗಾಗಿ ಸರ್ಕಾರ ತೆರೆದಿದ್ದ ಇಲಾಖೆ ಫ್ರೀಡ್‌ಮೆನ್ಸ್ ಬ್ಯೂರೋದ ಕೂಲಿ ಕರಾರುಗಳನ್ನೂ ನೋಡಿ, ಹೆಸರುಗಳು ಅಲ್ಲಿ ಸಿಗುತ್ತವೆ.