ಎರಡು ಸಲ ವಿಂಡೋಸ್ ಹಾಕಿದರೂ ಲ್ಯಾಪ್‌ಟಾಪ್ ಕಂಪನಿಯ ಸಾಫ್ಟ್‌ವೇರ್ ವಾಪಸ್ ಬರುತ್ತಿದೆ, ದಾರಿ ತೋರಿಸಿ

ಮಂಡ್ಯ_ಅಕ್ಷರ · ಸೋಮವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತುಂಬಾ ಬೇಸತ್ತು ಬರೆಯುತ್ತಿದ್ದೇನೆ. ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲ್ಯಾಪ್‌ಟಾಪ್ ತಗೊಂಡು ಎಂಟು ತಿಂಗಳಾಯಿತು. ಆನ್ ಮಾಡಿದರೆ ಸಾಕು, ಆಂಟಿವೈರಸ್ ಟ್ರಯಲ್ ಮುಗಿದಿದೆ, ದುಡ್ಡು ಕಟ್ಟಿ ಅಂತ ಬರುತ್ತದೆ. ಅದನ್ನು ಮುಚ್ಚಿದರೆ ಕಂಪನಿಯ ಸಹಾಯದ ಆ್ಯಪ್. ಅದರ ಹಿಂದೆ ಗೇಮ್ ಜಾಹೀರಾತು. ಗ್ರಾಹಕರು ಪಕ್ಕದಲ್ಲಿ ಕೂತು ಮಗಳ ಮದುವೆ ಕಾರ್ಡಿನ ಪ್ರೂಫ್ ನೋಡುತ್ತಿರುತ್ತಾರೆ, ಹೆಸರಿನ ಮೇಲೇ ಆ ಡಬ್ಬಿ ಬಂದು ಕೂರುತ್ತದೆ.

ವಿಂಡೋಸ್ ಎರಡು ಸಲ ಹೊಸದಾಗಿ ಹಾಕಿದೆ. ಎರಡು ಸಲವೂ ಎಲ್ಲಾ ವಾಪಸ್ ಬಂತು. ಈಗ ಆಷಾಢ, ಕಾರ್ಡಿನ ಕೆಲಸ ಇಲ್ಲ. ಶ್ರಾವಣ ಶುರುವಾದರೆ ಉಸಿರಾಡಲೂ ಸಮಯ ಇರುವುದಿಲ್ಲ. ಅಷ್ಟರೊಳಗೆ ಸರಿ ಮಾಡಿಕೊಳ್ಳಬೇಕು. ಏನು ಮಾಡಲಿ?

ವಿಜಯನಗರ_ವೈರು · 10:52

ಸಾರ್, ಇದು ರಿಕವರಿ ಪಾರ್ಟಿಷನ್ ಕೆಲಸ. ಡಿಸ್ಕಿನ ಕೊನೆಯಲ್ಲಿ ಕಂಪನಿಯವರು ಒಂದು ಭಾಗ ಬಚ್ಚಿಟ್ಟಿರುತ್ತಾರೆ. ನೀವು ಎಷ್ಟು ಸಲ ಹಾಕಿದರೂ ಅಲ್ಲಿಂದಲೇ ಎಲ್ಲಾ ವಾಪಸ್ ಬರುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ (ಅಂದರೆ ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿ), ಡಿಸ್ಕ್ 0, ಅಂದರೆ ಮೊದಲ ಡಿಸ್ಕಿನ ಒಳಗೆ ಇರುವ ಎಲ್ಲಾ ಪಾರ್ಟಿಷನ್ ಡಿಲೀಟ್ ಹೊಡೆಯಿರಿ. ಒಂದೇ ಒಂದು ಖಾಲಿ ಜಾಗ ಉಳಿಯಬೇಕು. ನೆಕ್ಸ್ಟ್ ಒತ್ತಿ. ಮುಗಿಯಿತು.

ಪಾಂಡವಪುರ_ಪೆಂಗ್ವಿನ್ · 10:58

ವಿಂಡೋಸ್ ಬದಲು ಲಿನಕ್ಸ್ ಹಾಕಿ ನೋಡಿ. ನಾನು 2019ರಿಂದ ವಿಂಡೋಸ್ ಮುಟ್ಟಿಲ್ಲ. ಟ್ರಯಲ್ಲೂ ಇಲ್ಲ, ಜಾಹೀರಾತೂ ಇಲ್ಲ.

ಕುಕ್ಕರಹಳ್ಳಿ_ನಡಿಗೆ · 11:05

ಅವರು ಡಿಟಿಪಿ ಅಂದಿದ್ದಾರೆ. ಪುಟ ಜೋಡಿಸಲು ಪೇಜ್‌ಮೇಕರ್, ಚಿತ್ರ ಬಿಡಿಸಲು ಕೋರೆಲ್ ಡ್ರಾ, ಕನ್ನಡ ಟೈಪಿಂಗಿಗೆ ನುಡಿ ಇಲ್ಲದೆ ಆ ಅಂಗಡಿ ನಡೆಯುತ್ತದೆಯೇ? ಲಿನಕ್ಸ್ ಮಾತು ಬೇರೆ ಕಡೆ ಆಡೋಣ.

ಮೊದಲು ಇಷ್ಟು ಹೇಳಿ. ‘ಹೊಸದಾಗಿ ಹಾಕಿದೆ’ ಅಂದರೆ ಹೇಗೆ? ಸೆಟ್ಟಿಂಗ್ಸ್ ಒಳಗಿನ ರಿಸೆಟ್ಟಾ, ಪೆನ್‌ಡ್ರೈವಾ? ವಿಂಡೋಸ್ 10 ಅಥವಾ 11? ಪ್ರೊಸೆಸರ್ ಯಾವ ತಲೆಮಾರು?

ಪಾಂಡವಪುರ_ಪೆಂಗ್ವಿನ್ · 11:09

ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ. ಇನ್ನೂ ಅದನ್ನೇ ಹಿಡಿದು ಕೂತರೆ ಹೇಗೆ? ಅವುಗಳ ಬದಲಿಗೆ ಸ್ಕ್ರೈಬಸ್ ಇದೆ, ಇಂಕ್‌ಸ್ಕೇಪ್ ಇದೆ. ಯೂನಿಕೋಡ್‌ನಲ್ಲಿ (ಎಲ್ಲಾ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ) ಕೆಲಸ ಮಾಡಿದರೆ ಫಾಂಟಿನ ತಲೆನೋವೇ ಇರುವುದಿಲ್ಲ.

ಮಂಡ್ಯ_ಅಕ್ಷರ · 11:20

ಮೊದಲಿಗೆ, ನಾನು ಸಾರ್ ಅಲ್ಲ. ಅಕ್ಕ ಅನ್ನಿ, ಸಾಕು.

ಪೆಂಗ್ವಿನ್ ಅವರೇ, ನಮ್ಮೂರಿನ ಪ್ರೆಸ್‌ನವರು ಪೇಜ್‌ಮೇಕರ್ ಫೈಲನ್ನೇ ಕೇಳುತ್ತಾರೆ. ಹನ್ನೆರಡು ವರ್ಷದ ಹಳೇ ಕೆಲಸ ಎಲ್ಲಾ ನುಡಿ ಆಸ್ಕಿಯಲ್ಲಿದೆ, ಅಂದರೆ ನುಡಿ ಫಾಂಟ್ ಇದ್ದರೆ ಮಾತ್ರ ಓದಲಾಗುವ ಹಳೇ ಬಗೆ. ಅದೇ ಮನೆಯವರು ಎರಡನೇ ಮಗಳ ಮದುವೆಗೆ ಬಂದಾಗ ಹಳೇ ಕಾರ್ಡ್ ತೆಗೆದು ಹೆಸರು ಬದಲಾಯಿಸಿ ಕೊಡಬೇಕು. ನನಗೆ ಬೇರೆ ದಾರಿ ಇಲ್ಲ.

ವಿಂಡೋಸ್ 11. ಮೊದಲ ಸಲ ರಿಸೆಟ್ ಮಾಡಿದೆ, ‘ಎಲ್ಲಾ ತೆಗೆದುಹಾಕು’ ಅನ್ನುವುದನ್ನು ಆರಿಸಿ. ಎರಡನೇ ಸಲ ಪೆನ್‌ಡ್ರೈವ್. ಪ್ರೊಸೆಸರ್ ಇಂಟೆಲ್ ಐ5, 12ನೇ ತಲೆಮಾರು. ಪೂರ್ತಿ ಮಾಡೆಲ್ ನಂಬರ್ ಬೇಕಾದವರಿಗೆ ಬೇರೆಯಾಗಿ ಕಳಿಸುತ್ತೇನೆ. ವೈರು ಅವರು ಹೇಳಿದ ಹಾಗೆ ಎಲ್ಲಾ ಪಾರ್ಟಿಷನ್ ಡಿಲೀಟ್ ಮಾಡಲು ಈಗಲೇ ಕೂರುತ್ತೇನೆ.

ಕುಕ್ಕರಹಳ್ಳಿ_ನಡಿಗೆ · 11:22

ಅಕ್ಕ, ನಿಲ್ಲಿಸಿ! ಆ ಹಳೇ ಫೈಲುಗಳು ಎಲ್ಲಿವೆ?

ಮಂಡ್ಯ_ಅಕ್ಷರ · 11:31

ಡಿ ಡ್ರೈವ್‌ನಲ್ಲಿ. ಸಿ ಡ್ರೈವ್ ಮಾತ್ರ ಹೋಗುತ್ತದೆ ಅಲ್ವಾ?

ಕುಕ್ಕರಹಳ್ಳಿ_ನಡಿಗೆ · 11:34

ಅಲ್ಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವುದು ಒಂದೇ ಎಸ್‌ಎಸ್‌ಡಿ (ಎಲ್ಲಾ ಫೈಲು ಇರುವ ಡಿಸ್ಕ್) ಆಗಿದ್ದರೆ, ಸಿ ಮತ್ತು ಡಿ ಅದೇ ಡಿಸ್ಕಿನ ಎರಡು ಭಾಗ. ಡಿಸ್ಕ್ 0 ಒಳಗಿನ ಎಲ್ಲವನ್ನೂ ಅಳಿಸಿದರೆ ಹನ್ನೆರಡು ವರ್ಷದ ಕೆಲಸವೂ ಹೋಗುತ್ತದೆ. ಇವತ್ತು ಏನೂ ಮಾಡಬೇಡಿ. ನಾಳೆ ಬೇರೆ ಹಾರ್ಡ್‌ಡಿಸ್ಕಿಗೆ ಡಿ ಪೂರ್ತಿ ಕಾಪಿ ಮಾಡಿ. ಕಾಪಿ ಆದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ನಾಲ್ಕೈದು ಫೈಲು ತೆರೆದು ನೋಡಿ. ನುಡಿ ಫಾಂಟುಗಳನ್ನೂ ಮರೆಯಬೇಡಿ, ಅವು ಇರುವುದು ಸಿ ಡ್ರೈವಿನ ಫಾಂಟ್ಸ್ ಫೋಲ್ಡರಿನಲ್ಲಿ.

ವೈರು, ಡಿಲೀಟ್ ಅನ್ನುವ ಮೊದಲು ಬ್ಯಾಕಪ್ ಕೇಳಬೇಕು ಗುರು.

ವಿಜಯನಗರ_ವೈರು · 11:40

ಒಪ್ಪಿದೆ, ಅದು ನನ್ನ ತಪ್ಪು. ಆದರೆ ಕಾರಣ ರಿಕವರಿ ಪಾರ್ಟಿಷನ್ನೇ. ಅದರಲ್ಲಿ ಅನುಮಾನ ಇಲ್ಲ.

ಹೆಬ್ಬಾಳ_ರಿಪೇರಿ · ಮಂಗಳವಾರ ಬೆಳಗ್ಗೆ 7:15

ಮೈಸೂರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ವಾರಕ್ಕೆ ಎರಡು ಮೂರು ಇಂಥ ಕೇಸ್ ಬರುತ್ತವೆ. ರಿಸೆಟ್ ಅಂದರೆ ಹೊಸ ವಿಂಡೋಸ್ ಅಲ್ಲ. ಕಂಪನಿಯವರು ತಮ್ಮ ಆ್ಯಪ್‌ಗಳ ಪೊಟ್ಟಣವನ್ನು ಸಿ ಡ್ರೈವಿನ ರಿಕವರಿ ಫೋಲ್ಡರಿನಲ್ಲೇ ಇಟ್ಟಿರುತ್ತಾರೆ. ರಿಸೆಟ್ ಮಾಡಿದಾಗ ವಿಂಡೋಸ್ ಅದನ್ನು ತಾನೇ ಬಿಚ್ಚಿ ವಾಪಸ್ ಹಾಕುತ್ತದೆ. ರಿಸೆಟ್‌ನಲ್ಲಿ ‘ಕ್ಲೌಡ್ ಡೌನ್‌ಲೋಡ್’ ಆರಿಸಿದರೂ ಅಷ್ಟೇ. ಮೊದಲನೆಯ ಸಲ ಆಗಿದ್ದು ಇದು.

ಎರಡನೆಯದಕ್ಕೆ ನನ್ನ ಪ್ರಶ್ನೆ: ಆ ಪೆನ್‌ಡ್ರೈವ್ ಎಲ್ಲಿಂದ ಬಂತು?

ಮಂಡ್ಯ_ಅಕ್ಷರ · 9:50

ಲ್ಯಾಪ್‌ಟಾಪ್ ತಗೊಂಡಾಗ ಅಂಗಡಿಯ ಹುಡುಗನೇ ಮಾಡಿಕೊಟ್ಟ. ತೊಂದರೆ ಆದರೆ ಇದು ಹಾಕಿ ಅಕ್ಕ ಅಂದಿದ್ದ. 32 ಜಿಬಿ. ಚುಚ್ಚಿದರೆ ‘ರಿಕವರಿ’ ಅಂತ ಹೆಸರು ತೋರಿಸುತ್ತದೆ.

ಹೆಬ್ಬಾಳ_ರಿಪೇರಿ · 9:58

ಅಲ್ಲೇ ಇದೆ ಉತ್ತರ. ಅದು ವಿಂಡೋಸ್ ಪೆನ್‌ಡ್ರೈವ್ ಅಲ್ಲ. ನಿಮ್ಮ ಲ್ಯಾಪ್‌ಟಾಪಿನಿಂದಲೇ ತೆಗೆದ ರಿಕವರಿ ಡ್ರೈವ್. ಒಳಗೆ ಕಂಪನಿಯ ಸಾಮಾನು ಸಮೇತ ಇದೆ. ಹುಡುಗ ಒಳ್ಳೆಯದಕ್ಕೇ ಮಾಡಿಕೊಟ್ಟಿದ್ದಾನೆ, ಅದನ್ನು ಅಳಿಸದೆ ಹಾಗೇ ಇಟ್ಟುಕೊಳ್ಳಿ. ಮಾರುವಾಗಲೋ ವಾರಂಟಿಗೆ ಕೊಡುವಾಗಲೋ ಬೇಕಾಗುತ್ತದೆ.

ಬೇರೆ 8 ಜಿಬಿ ಪೆನ್‌ಡ್ರೈವ್ ಸಾಕು. ಮೈಕ್ರೋಸಾಫ್ಟ್ ಸೈಟಿನಿಂದ ಮೀಡಿಯಾ ಕ್ರಿಯೇಷನ್ ಟೂಲ್ ಇಳಿಸಿ ಅದರಲ್ಲಿ ಮಾಡಿ. ವಿಂಡೋಸ್ ಲೈಸೆನ್ಸ್ ಕೀ ಬಗ್ಗೆ ಯೋಚನೆ ಬೇಡ. ವಿಂಡೋಸ್ 8 ಕಾಲದಿಂದ ಕಂಪನಿ ಲ್ಯಾಪ್‌ಟಾಪ್‌ಗಳ ಕೀ ಮದರ್‌ಬೋರ್ಡಿನಲ್ಲೇ ಇರುತ್ತದೆ, ಹೋಮ್ ಅಥವಾ ಪ್ರೊ ಯಾವುದು ಅನ್ನುವುದನ್ನು ವಿಂಡೋಸ್ ಅಲ್ಲಿಂದಲೇ ಓದಿಕೊಳ್ಳುತ್ತದೆ. ಲ್ಯಾಪ್‌ಟಾಪ್ ಜೊತೆ ಆಫೀಸ್ ಬಂದಿದ್ದರೆ, ಅಳಿಸುವ ಮೊದಲೇ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಸೇರಿಸಿಕೊಳ್ಳಿ.

ಕಂಪನಿಯ ಸಪೋರ್ಟ್ ಪುಟದಿಂದ ವೈಫೈ ಡ್ರೈವರ್, ಟಚ್‌ಪ್ಯಾಡ್ ಡ್ರೈವರ್, ಹಾಟ್‌ಕೀ ಡ್ರೈವರ್ (ಆ ಭಾಗಗಳನ್ನು ನಡೆಸುವ ಸಣ್ಣ ಸಾಫ್ಟ್‌ವೇರ್) ಇಳಿಸಿ ಇನ್ನೊಂದು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಯುಎಸ್‌ಬಿ ಮೌಸ್ ಕೈಗೆ ಸಿಗುವ ಹಾಗೆ ಇರಲಿ.

ವಿಜಯನಗರ_ವೈರು · 10:10

ರಿಕವರಿ ಡ್ರೈವ್ ಆಗಲಿ ರಿಕವರಿ ಪಾರ್ಟಿಷನ್ ಆಗಲಿ, ಎರಡೂ ಒಂದೇ ವಿಷಯ ತಾನೇ? ನಾನು ಹೇಳಿದ್ದು ಸರಿಯೇ ಆಯಿತು.

ಹೆಬ್ಬಾಳ_ರಿಪೇರಿ · 10:14

ಒಂದೇ ಅಲ್ಲ. ನೀವು ಹೇಳಿದ ಹಾಗೆ ಪಾರ್ಟಿಷನ್ ಅಳಿಸಿ ಇದೇ ಪೆನ್‌ಡ್ರೈವಿನಿಂದ ಹಾಕಿದ್ದರೆ ಮೂರನೇ ಸಲವೂ ಅದೇ ಆಗುತ್ತಿತ್ತು. ಜೊತೆಗೆ ಡಿ ಡ್ರೈವೂ ಹೋಗುತ್ತಿತ್ತು.

ಸರಸ್ವತಿಪುರಂ_64 · 10:30

ನಾನು ಈ ತೊಂದರೆಯೇ ಬೇಡ ಅಂತ ಹಳೇ ಥಿಂಕ್‌ಪ್ಯಾಡ್ ತಗೊಂಡೆ. 64 ಜಿಬಿ ರ‍್ಯಾಮ್ ಹಾಕಿದ್ದೇನೆ, 2 ಟಿಬಿ ಎಸ್‌ಎಸ್‌ಡಿ. ಒಂದು ಸಲ ಶುದ್ಧವಾಗಿ ವಿಂಡೋಸ್ ಹಾಕಿ, ಡ್ರೈವರ್ ಹಾಕಿ, ಪೂರ್ತಿ ಡಿಸ್ಕಿನ ಇಮೇಜ್ (ಯಥಾಪ್ರತಿ) ತೆಗೆದಿಟ್ಟಿದ್ದೇನೆ. ಏನಾದರೂ ಕೆಟ್ಟರೆ ಕಾಫಿ ಕುಡಿದು ಬರುವಷ್ಟರಲ್ಲಿ ವಾಪಸ್.

ಪಾಂಡವಪುರ_ಪೆಂಗ್ವಿನ್ · 10:36

64 ಜಿಬಿ ಯಾಕೆ? ನನ್ನದು 8 ಜಿಬಿ, 2014ರ ಯಂತ್ರ, ಇವತ್ತಿಗೂ ಓಡುತ್ತಿದೆ. ಕಬ್ಬಿನ ಗದ್ದೆ ಪಕ್ಕದ ಮನೆ, ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುತ್ತದೆ, ಒಂದು ಫೈಲೂ ಕೆಟ್ಟಿಲ್ಲ.

ಸರಸ್ವತಿಪುರಂ_64 · 10:41

ವಿಡಿಯೋ ಎಡಿಟ್ ಮಾಡುತ್ತೇನೆ, ಅದಕ್ಕೆ ಬೇಕು. ದಸರಾ ಸಮಯದಲ್ಲಿ ಬಂದು ನೋಡಿ, ಎಷ್ಟು ಗಂಟೆ ಫೂಟೇಜ್ ಇರುತ್ತದೆ ಅಂತ.

ಮಂಡ್ಯ_ಅಕ್ಷರ · ಬುಧವಾರ ಸಂಜೆ 6:05

ಡಿ ಡ್ರೈವ್ ಪೂರ್ತಿ ಅಣ್ಣನ ಹಾರ್ಡ್‌ಡಿಸ್ಕಿಗೆ ಕಾಪಿ ಆಯಿತು. ಫೈಲುಗಳನ್ನು ತೆರೆದು ನೋಡಿದೆ, ಚೆನ್ನಾಗಿವೆ. ಹೊಸ ಪೆನ್‌ಡ್ರೈವ್ ಮಾಡಿದೆ, ಬೂಟ್ ಆಯಿತು. ಆದರೆ ಡಿಸ್ಕ್ ಆರಿಸುವ ಜಾಗದಲ್ಲಿ ಏನೂ ಇಲ್ಲ! ಖಾಲಿ ಪಟ್ಟಿ. ಎಸ್‌ಎಸ್‌ಡಿಯೇ ಕಾಣುತ್ತಿಲ್ಲ. ಹಳೇ ಪೆನ್‌ಡ್ರೈವಿನಲ್ಲಿ ಹೀಗಾಗಿರಲಿಲ್ಲ. ಕೈ ನಡುಗುತ್ತಿದೆ. ಎಸ್‌ಎಸ್‌ಡಿ ಸುಟ್ಟು ಹೋಯಿತಾ?

ವಿಜಯನಗರ_ವೈರು · 6:11

ಎಸ್‌ಎಸ್‌ಡಿ ಲೂಸ್ ಆಗಿರಬಹುದು. ಹಿಂದಿನ ಮುಚ್ಚಳ ಬಿಚ್ಚಿ ಒಂದು ಸಲ ತೆಗೆದು ಹಾಕಿ.

ಕುಕ್ಕರಹಳ್ಳಿ_ನಡಿಗೆ · 6:13

ಬಿಚ್ಚಬೇಡಿ. ಎಸ್‌ಎಸ್‌ಡಿಗೆ ಏನೂ ಆಗಿಲ್ಲ. ಇಂಟೆಲ್ 11ನೇ ತಲೆಮಾರಿನಿಂದ ಈಚೆಗೆ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕುಗಳನ್ನು ನೋಡಿಕೊಳ್ಳುವ ವಿಎಂಡಿ ಅನ್ನುವ ಕಂಟ್ರೋಲರ್ ಆನ್ ಆಗಿರುತ್ತದೆ. ಎಸ್‌ಎಸ್‌ಡಿ ಅದರ ಹಿಂದೆ ಕೂತಿರುತ್ತದೆ. ಮೈಕ್ರೋಸಾಫ್ಟ್ ಪೆನ್‌ಡ್ರೈವಿನಲ್ಲಿ ಅದರ ಡ್ರೈವರ್ ಇರುವುದಿಲ್ಲ, ಅದಕ್ಕೆ ಪಟ್ಟಿ ಖಾಲಿ. ನಿಮ್ಮ ಹಳೇ ರಿಕವರಿ ಡ್ರೈವಿನಲ್ಲಿ ಕಂಪನಿಯವರು ಆ ಡ್ರೈವರ್ ಸೇರಿಸಿದ್ದರು.

ಸಪೋರ್ಟ್ ಪುಟದಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇರುತ್ತದೆ, ಹೆಸರಿನಲ್ಲಿ ಎಫ್6 ಅಂತಲೂ ಇರಬಹುದು. ಬೇರೆ ಕಂಪ್ಯೂಟರಿನಲ್ಲಿ ಇಳಿಸಿ ಬಿಚ್ಚಿ. ಒಳಗೆ ಐಎನ್‌ಎಫ್ ಫೈಲು (ಹೆಸರು .inf ಅಂತ ಮುಗಿಯುತ್ತದೆ) ಕಾಣಬೇಕು, ಸೆಟಪ್ ಫೈಲನ್ನು ಹಾಗೇ ಹಾಕಿದರೆ ಪ್ರಯೋಜನ ಇಲ್ಲ. ಆ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿ, ಖಾಲಿ ಪಟ್ಟಿಯ ಕೆಳಗೆ ‘ಲೋಡ್ ಡ್ರೈವರ್’ ಒತ್ತಿ ಅದನ್ನು ತೋರಿಸಿ.

ವಿಜಯನಗರ_ವೈರು · 6:20

ಬಯೋಸ್‌ನಲ್ಲಿ (ವಿಂಡೋಸ್‌ಗೂ ಮೊದಲು ಓಡುವ, ಮದರ್‌ಬೋರ್ಡಿನಲ್ಲಿರುವ ಪ್ರೋಗ್ರಾಂ) ವಿಎಂಡಿ ಆಫ್ ಮಾಡಿದರೆ ಎರಡು ನಿಮಿಷದ ಕೆಲಸ. ಸುಮ್ನೆ ಡ್ರೈವರ್ ಹುಡುಕುವುದು ಯಾಕೆ?

ಹೆಬ್ಬಾಳ_ರಿಪೇರಿ · 6:26

ಆಗುತ್ತದೆ, ಇದರಲ್ಲಿ ವೈರು ಹೇಳುವುದು ತಪ್ಪಲ್ಲ. ಒಂದೇ ಎಸ್‌ಎಸ್‌ಡಿ ಇದ್ದರೆ ವಿಎಂಡಿಯಿಂದ ಮನೆ ಬಳಕೆಗೆ ದೊಡ್ಡ ಲಾಭವೂ ಇಲ್ಲ. ಆದರೆ ಕೆಲವು ಬಯೋಸ್‌ಗಳಲ್ಲಿ ಆ ಆಯ್ಕೆಯನ್ನೇ ಮರೆಮಾಡಿರುತ್ತಾರೆ. ಇನ್ನೊಂದು ವಿಷಯ, ಅದನ್ನು ಆಫ್ ಮಾಡಿದ ಕೂಡಲೇ ಈಗಿರುವ ವಿಂಡೋಸ್ ಬೂಟ್ ಆಗುವುದಿಲ್ಲ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಅಂದರೆ ವಿಂಡೋಸ್‌ನ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ, 48 ಅಂಕಿಯ ಬಿಟ್‌ಲಾಕರ್ ಕೀ ಕೇಳುತ್ತದೆ. ಬ್ಯಾಕಪ್ ಇದೆ, ಹಾಗಾಗಿ ಯಾವ ದಾರಿಯಾದರೂ ಸರಿ. ನಾನಾದರೆ ಡ್ರೈವರ್ ದಾರಿ ಹಿಡಿಯುತ್ತೇನೆ.

ಮಂಡ್ಯ_ಅಕ್ಷರ · ರಾತ್ರಿ 9:45

ಬಂತು! ಡ್ರೈವರ್ ತೋರಿಸಿದ ತಕ್ಷಣ ಡಿಸ್ಕ್ 0 ಕಂಡಿತು. ಈ ಸಲ ಧೈರ್ಯವಾಗಿ ಎಲ್ಲಾ ಪಾರ್ಟಿಷನ್ ಅಳಿಸಿ ಹಾಕಿದೆ. ಕೀ ಕೇಳಲೇ ಇಲ್ಲ.

ಆಮೇಲೆ ಇಂಟರ್‌ನೆಟ್ ಬೇಕು ಅಂತ ನಿಂತಿತು. ವೈಫೈ ಕಾಣಿಸಲಿಲ್ಲ. ಫೋನಿಗೆ ವೈರ್ ಹಾಕಿ ಯುಎಸ್‌ಬಿ ಟೆಥರಿಂಗ್ (ಫೋನಿನ ಇಂಟರ್‌ನೆಟ್ ಲ್ಯಾಪ್‌ಟಾಪಿಗೆ ಕೊಡುವುದು) ಆನ್ ಮಾಡಿದೆ, ಮುಂದೆ ಹೋಯಿತು. ಇದನ್ನು ಯಾರೂ ಹೇಳಿರಲಿಲ್ಲ, ಮುಂದೆ ಬರುವವರಿಗೆ ಬೇಕಾಗುತ್ತದೆ ಅಂತ ಬರೆದಿದ್ದೇನೆ.

ಡೆಸ್ಕ್‌ಟಾಪ್ ನೋಡಿ ಕಣ್ಣು ತುಂಬಿತು. ಆಂಟಿವೈರಸ್ ಇಲ್ಲ, ಗೇಮ್ ಇಲ್ಲ. ಆದರೆ ಐದು ನಿಮಿಷಕ್ಕೆ ಮೂಲೆಯಲ್ಲಿ ಒಂದು ಡಬ್ಬಿ ಬಂತು. ಕಂಪನಿಯ ಆ್ಯಪ್ ಇನ್‌ಸ್ಟಾಲ್ ಮಾಡಲಾ ಅಂತ ಕೇಳುತ್ತಿದೆ. ಎಲ್ಲಾ ಅಳಿಸಿದ ಡಿಸ್ಕಿಗೆ ಇದು ಎಲ್ಲಿಂದ ಬಂತು?

ಸರಸ್ವತಿಪುರಂ_64 · 9:52

ವಿಂಡೋಸ್ ಅಪ್‌ಡೇಟ್. ಕಂಟ್ರೋಲ್ ಪ್ಯಾನೆಲ್ ಒಳಗೆ ಡಿವೈಸ್ ಇನ್‌ಸ್ಟಾಲೇಷನ್ ಸೆಟ್ಟಿಂಗ್ಸ್ ಅಂತ ಹುಡುಕಿ. ತಯಾರಕರ ಆ್ಯಪ್ ತಾನಾಗಿ ಇಳಿಸಬೇಕಾ ಅಂತ ಕೇಳುತ್ತದೆ, ‘ನೋ’ ಕೊಡಿ.

ಕುಕ್ಕರಹಳ್ಳಿ_ನಡಿಗೆ · 10:01

ಅದನ್ನೂ ಮಾಡಿ. ಜೊತೆಗೆ ಸಿ ಡ್ರೈವಿನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಂ32 ತೆರೆಯಿರಿ. ಡಬ್ಲ್ಯೂಪಿಬಿಬಿನ್ ಅನ್ನುವ ಫೈಲು ಇದೆಯಾ ನೋಡಿ.

ಮಂಡ್ಯ_ಅಕ್ಷರ · 10:07

ಇದೆ.

ಕುಕ್ಕರಹಳ್ಳಿ_ನಡಿಗೆ · 10:15

ಹಾಗಾದರೆ ಅದು ಬಂದಿದ್ದು ಡಿಸ್ಕಿನಿಂದ ಅಲ್ಲ, ಬಯೋಸ್‌ನಿಂದ. ಡಬ್ಲ್ಯೂಪಿಬಿಟಿ ಅಂತ ಒಂದು ವ್ಯವಸ್ಥೆ ವಿಂಡೋಸ್ 8ರಿಂದ ಇದೆ. ಕಂಪನಿ ಒಂದು ಸಣ್ಣ ಪ್ರೋಗ್ರಾಮನ್ನು ಬಯೋಸ್ ಚಿಪ್ಪಿನಲ್ಲಿ ಇಟ್ಟಿರಬಹುದು. ವಿಂಡೋಸ್ ಏಳುವಾಗ ಅದನ್ನು ಈ ಹೆಸರಿನಲ್ಲಿ ಬರೆದುಕೊಂಡು ಓಡಿಸುತ್ತದೆ. ಎಸ್‌ಎಸ್‌ಡಿಯನ್ನೇ ಬದಲಾಯಿಸಿದರೂ ಬರುತ್ತದೆ. ಕಳೆದುಹೋದ ಲ್ಯಾಪ್‌ಟಾಪ್ ಹುಡುಕುವಂಥ ಕೆಲಸಕ್ಕೆ ಇದು ಉಪಯೋಗ. ಆ್ಯಪ್ ಮಾರಾಟಕ್ಕೆ ಬಳಸುವುದು ನನಗೆ ಒಪ್ಪಿಗೆ ಇಲ್ಲ. ದುಡ್ಡು ಕೊಟ್ಟು ತಂದವರ ಯಂತ್ರ, ಒಳಗೆ ಏನಿರಬೇಕು ಅಂತ ಅವರೇ ಹೇಳಬೇಕು.

ಬಯೋಸ್‌ಗೆ ಹೋಗಿ ಕಂಪನಿಯ ಆ್ಯಪ್ ಹೆಸರಿನ ಆಯ್ಕೆ ಇದೆಯಾ ಹುಡುಕಿ. ಇದ್ದರೆ ಡಿಸೇಬಲ್ ಮಾಡಿ. ಇಲ್ಲದಿದ್ದರೆ ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ಜಾಗ) ಮಾಡುವ ದಾರಿಯೂ ಇದೆ, ಹಂತ ಹಂತವಾಗಿ ಬರೆದು ಕೊಡುತ್ತೇನೆ.

ವಿಜಯನಗರ_ವೈರು · 10:22

ಇದು ನನಗೆ ಗೊತ್ತೇ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲೂ ಆ ಫೈಲು ಇದೆ! ನನ್ನದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ.

ಮಂಡ್ಯ_ಅಕ್ಷರ · ಗುರುವಾರ ಬೆಳಗ್ಗೆ 11:30

ಬಯೋಸ್‌ನಲ್ಲಿ ಅಡ್ವಾನ್ಸ್ಡ್ ಒಳಗೆ ಇತ್ತು, ಡಿಸೇಬಲ್ ಮಾಡಿದೆ. ಆ ಫೈಲನ್ನೂ ತೆಗೆದೆ. ಐದು ಸಲ ರೀಸ್ಟಾರ್ಟ್ ಮಾಡಿ ನೋಡಿದೆ, ಡಬ್ಬಿ ಬರಲಿಲ್ಲ. ಬ್ರೈಟ್‌ನೆಸ್ ಕೀ ಮೊದಲು ಕೆಲಸ ಮಾಡಲಿಲ್ಲ, ಹಾಟ್‌ಕೀ ಡ್ರೈವರ್ ಹಾಕಿದ ಮೇಲೆ ಸರಿಯಾಯಿತು.

ಅಂಗಡಿಯಲ್ಲಿ ಇಡೀ ದಿನ ಚಾರ್ಜಿಗೆ ಹಾಕಿಯೇ ಇರುತ್ತೇನೆ, ಬ್ಯಾಟರಿ ಮೊದಲು ಶೇಕಡಾ 80ಕ್ಕೆ ನಿಲ್ಲುತ್ತಿತ್ತು, ಈಗ 100ರವರೆಗೆ ಹೋಗುತ್ತಿದೆ. ಇದಕ್ಕೆ ಏನು ಮಾಡುವುದು?

ಹೆಬ್ಬಾಳ_ರಿಪೇರಿ · 12:10

ಅದು ಕಂಪನಿಯ ಬ್ಯಾಟರಿ ಆ್ಯಪ್ ಮಾಡುತ್ತಿದ್ದ ಕೆಲಸ. ಮೊದಲು ಬಯೋಸ್‌ನಲ್ಲಿ ಚಾರ್ಜ್ ಮಿತಿ ಇದೆಯಾ ನೋಡಿ. ಇಲ್ಲದಿದ್ದರೆ ಸಪೋರ್ಟ್ ಪುಟದಿಂದ ಅದೊಂದನ್ನೇ ಇಳಿಸಿ ಹಾಕಿ. ಕಂಪನಿಯದ್ದೆಲ್ಲಾ ಕೆಟ್ಟದ್ದು ಅಂತ ಬಿಟ್ಟರೆ ಬ್ಯಾಟರಿ ಊದಿಕೊಳ್ಳಬಹುದು. ನನ್ನ ಮೇಜಿನ ಮೇಲೆ ಅಂಥದ್ದು ಈಗಲೂ ಒಂದಿದೆ.

ಮಂಡ್ಯ_ಅಕ್ಷರ · 4:40

ಬಯೋಸ್‌ನಲ್ಲಿ ಇರಲಿಲ್ಲ. ಆ ಒಂದು ಆ್ಯಪ್ ಮಾತ್ರ ಹಾಕಿದೆ, 80ಕ್ಕೆ ನಿಂತಿತು. ನುಡಿ ಹಾಕಿದೆ, ಪೇಜ್‌ಮೇಕರ್ ಹಾಕಿದೆ, 2016ರ ಒಂದು ಲಗ್ನಪತ್ರಿಕೆ ತೆರೆದೆ. ಒತ್ತಕ್ಷರ ಎಲ್ಲಾ ಸರಿಯಾಗಿವೆ. ಒಂದೇ ಒಂದು ಉಳಿದಿದೆ: ತುಂಗಾ ಫಾಂಟ್ ಕಾಣುತ್ತಿಲ್ಲ. ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಗಳನ್ನು ಅದರಲ್ಲೇ ಮಾಡಿಟ್ಟಿದ್ದೆ.

ಕುಕ್ಕರಹಳ್ಳಿ_ನಡಿಗೆ · 4:55

ಸೆಟ್ಟಿಂಗ್ಸ್ ಒಳಗೆ ಆಪ್ಷನಲ್ ಫೀಚರ್ಸ್, ಅಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಸೇರಿಸಿ ಅಕ್ಕ. ತುಂಗಾ ಈಗ ಅದರೊಳಗೆ ಇದೆ.

ಪಾಂಡವಪುರ_ಪೆಂಗ್ವಿನ್ · 5:02

ತುಂಗಾ ಅಂದರೆ ಯೂನಿಕೋಡ್ ಅಲ್ವಾ. ಅರ್ಧ ಕೆಲಸ ಆಗಲೇ ಯೂನಿಕೋಡ್‌ನಲ್ಲಿ ಮಾಡುತ್ತಿದ್ದೀರಿ. ಉಳಿದರ್ಧ ಬದಲಾಯಿಸಲು ಮನಸ್ಸಾದರೆ ಹೇಳಿ, ನುಡಿ ಆಸ್ಕಿ ಫೈಲುಗಳನ್ನು ಒಂದೊಂದಾಗಿ ಪರಿವರ್ತಿಸಿ ಕೊಡುತ್ತೇನೆ. ದುಡ್ಡು ಬೇಡ.

ಮಂಡ್ಯ_ಅಕ್ಷರ · 5:20

ತುಂಗಾ ಬಂತು. ಪೆಂಗ್ವಿನ್ ಅವರೇ, ಮೊದಲು ಹತ್ತು ಫೈಲು ಕಳಿಸುತ್ತೇನೆ. ನೋಡೋಣ.