7 ದಿನವಾದರೂ ಇಳಿಯದ ಜ್ವರ

ಸಾಗರದ ಅಮ್ಮ: ಮಗನಿಗೆ 3 ವರ್ಷ. 7 ದಿನದಿಂದ 103 ಡಿಗ್ರಿ ಜ್ವರ. ಡೆಂಗ್ಯೂ ಅಲ್ಲ, ಟೈಫಾಯಿಡೂ ಅಲ್ಲವಂತೆ. ಆಂಟಿಬಯೋಟಿಕ್‌ಗೂ ಬಗ್ಗುತ್ತಿಲ್ಲ. ಕಣ್ಣು ಕೆಂಪು, ಆದರೆ ಗೀಜಿಲ್ಲ. ತುಟಿ ಒಡೆದಿದೆ. ಅಜ್ಜಿ ದೃಷ್ಟಿ ತೆಗೆದದ್ದೂ ಆಯಿತು. ಯಾರಾದರೂ ಇಂಥದ್ದು ಕಂಡಿದ್ದೀರಾ?

ಹಾಸನದಿಂದ: ನಾಲಿಗೆ ಸ್ಟ್ರಾಬೆರಿ ತರ ಕೆಂಪಾಗಿದೆಯಾ? ಅಂಗೈ ಊದಿದೆಯಾ? ನನ್ನ ಮಗಳಿಗೂ ಹೀಗೇ ಆಗಿತ್ತು, ಕವಾಸಾಕಿ ಕಾಯಿಲೆ. ಇದಕ್ಕೆಂದೇ ರಕ್ತಪರೀಕ್ಷೆ ಇಲ್ಲ, ಲಕ್ಷಣ ನೋಡಿಯೇ ಗುರುತಿಸಬೇಕು. ಹೃದಯದ ರಕ್ತನಾಳ ಊದಬಹುದು, ಅದಕ್ಕೇ ಎಕೋ (ಹೃದಯದ ಸ್ಕ್ಯಾನ್) ಮಾಡುತ್ತಾರೆ. ಐವಿಐಜಿ ಅಂತ ಪ್ರತಿಕಾಯಗಳ (ಆಂಟಿಬಾಡಿ) ಡ್ರಿಪ್ ಇದೆ, ಜ್ವರ ಶುರುವಾದ 10 ದಿನದೊಳಗೆ ಕೊಡಬೇಕು. ಸುಮ್ನೆ ಕಾಯಬೇಡಿ, ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ಇನ್ನೊಬ್ಬರು: ಆ ಡ್ರಿಪ್ ಖರ್ಚು ಜಾಸ್ತಿ. ಮೊದಲೇ ಕೇಳಿಕೊಳ್ಳಿ ಅಕ್ಕ.

ಸಾಗರದ ಅಮ್ಮ: ನಾಲಿಗೆ ಹಾಗೇ ಇದೆ! ಶಿವಮೊಗ್ಗಕ್ಕೆ ಹೊರಟೆವು.