‘ಕಂಟಾಮಿನೇಷನ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಕೆಲಸ. ಬ್ಲಡ್ ಕಲ್ಚರ್‌ಗೆ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯಾ ಅಂತ ಬಾಟಲಿಯಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ) ರಕ್ತ ತೆಗೆಯುವುದು ಹೇಗೆ ಅಂತ ವಾರ್ಡಿನ ಗೋಡೆಗೆ ಅಂಟಿಸಲು ಕನ್ನಡದಲ್ಲಿ ಒಂದು ಹಾಳೆ ಬರೆಯುತ್ತಿದ್ದೇನೆ. ‘ಕಂಟಾಮಿನೇಷನ್’ ಹತ್ತಿರ ಬಂದು ಪೆನ್ನು ನಿಂತಿದೆ.

ವಿಷಯ ಇಷ್ಟು. ರಕ್ತದಲ್ಲಿ ಏನೂ ಇರುವುದಿಲ್ಲ. ಸೂಜಿ ಚುಚ್ಚುವಾಗ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಬಾಟಲಿಗೆ ಇಳಿದು ಅಲ್ಲಿ ಬೆಳೆಯುತ್ತದೆ. ರಿಪೋರ್ಟ್ ಪಾಸಿಟಿವ್! ಬೇಡದ ಆಂಟಿಬಯೋಟಿಕ್ ಶುರುವಾಗುತ್ತದೆ, ಮನೆಗೆ ಹೋಗುವುದು ತಡವಾಗುತ್ತದೆ. ನೂರು ಕಲ್ಚರ್‌ಗಳಲ್ಲಿ ಇಂಥವು 3 ದಾಟಬಾರದು ಅನ್ನುವುದು ಲ್ಯಾಬುಗಳ ಹಳೆಯ ಲೆಕ್ಕ.

ಒಮ್ಮೆ ತೀರ್ಥಹಳ್ಳಿ ಕಡೆಯ ಅಮ್ಮ ಒಬ್ಬರಿಗೆ, ‘ಸ್ಯಾಂಪಲ್ ಕಲುಷಿತ ಆಗಿದೆ, ಮತ್ತೆ ರಕ್ತ ತೆಗೆಯಬೇಕು’ ಅಂದೆ. ‘ಹಂಗಾರೆ ನನ್ ಮಗನ ರಕ್ತ ಕೆಟ್ಟೋಗಿದ್ಯಾ?’ ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಕೆಟ್ಟಿದ್ದು ನಮ್ಮ ಕೈಕೆಲಸ ಅಂತ ಅವರಿಗೆ ಹೇಗೆ ಹೇಳಲಿ? ಅವತ್ತೇ ‘ಕಲುಷಿತ’ ಬಿಟ್ಟೆ. ‘ಕಲಬೆರಕೆ’ ಅಂದರೆ ಹಾಲಿಗೆ ನೀರು ಹಾಕಿದ ಹಾಗೆ, ಬೇಕಂತಲೇ ಮಾಡಿದ್ದು. ಅದೂ ಬೇಡ.

ನಮ್ಮ ಸಿಸ್ಟರ್ ಒಬ್ಬರದು ‘ಮೈಲಿಗೆ’ ಪಕ್ಷ. ಸ್ಪಿರಿಟ್ ಹಚ್ಚಿದ ಜಾಗವನ್ನೇ ಯಾರಾದರೂ ಮತ್ತೆ ಬೆರಳಿಂದ ಒತ್ತಿ ನರ ಹುಡುಕಿದರೆ, ‘ಮಡಿ ಹೋಯ್ತು, ಮತ್ತೆ ಒರೆಸು’ ಅಂತ ರೇಗುತ್ತಾರೆ. ಹೊಸ ಹುಡುಗಿಯರಿಗೆ ತಟ್ಟನೆ ಅರ್ಥವಾಗುತ್ತದೆ, ಸುಳ್ಳಲ್ಲ. ಆದರೆ ಆ ಮಾತಿಗೆ ಅಂಟಿರುವ ಜಾತಿಯ ವಾಸನೆ ಆಸ್ಪತ್ರೆಯ ಗೋಡೆ ಮೇಲೆ ಬೇಡ.

ಈಗ ನನ್ನ ತಲೆಯಲ್ಲಿರುವುದು ‘ಕಳೆ’. ಸಸಿಮಡಿಯಲ್ಲಿ ನಾವು ಬಿತ್ತದ್ದೂ ಮೊಳೆಯುತ್ತದೆ ಅಲ್ವಾ? ಹಾಗಂತ ಯಾರೂ ಮಣ್ಣನ್ನು ಬೈಯುವುದಿಲ್ಲ. ಹಾಳೆಯಲ್ಲಿ ಸದ್ಯಕ್ಕೆ ಹೀಗಿದೆ: ‘ಒರೆಸಿದ ಜಾಗ ಪೂರ್ತಿ ಒಣಗಲಿ, ಮತ್ತೆ ಮುಟ್ಟಬೇಡಿ. ಬಾಟಲಿಯ ರಬ್ಬರ್ ಮುಚ್ಚಳವನ್ನೂ ಸ್ಪಿರಿಟ್‌ನಿಂದ ಒರೆಸಿ. ಎರಡು ಬೇರೆ ಬೇರೆ ಜಾಗದಿಂದ ರಕ್ತ ತೆಗೆಯಿರಿ. ಚರ್ಮದ ಬ್ಯಾಕ್ಟೀರಿಯಾ ಒಂದರಲ್ಲಿ ಮಾತ್ರ ಬೆಳೆದರೆ ಅದು ಕಳೆ ಇರಬಹುದು.’

ತೊಡಕು ಒಂದೇ. ‘ಚರ್ಮದ ಕಳೆ’ ಅಂತ ಬರೆದರೆ ಕ್ರೀಮಿನ ಜಾಹೀರಾತಿನ ಹಾಗೆ ಕೇಳುತ್ತದೆ! ಸಾಗರ, ಹೊಸನಗರ, ಕೊಪ್ಪದ ಕಡೆಯವರೇ, ಬಿತ್ತನೆ ಬತ್ತದಲ್ಲಿ ಬೇರೆ ಬೀಜ ತಾನಾಗಿ ಸೇರಿಕೊಂಡರೆ ನಿಮ್ಮಲ್ಲಿ ಏನಂತಾರೆ? ಮೋಸ ಇಲ್ಲದೆ, ಸುಮ್ನೆ ಸೇರಿಕೊಂಡಿದ್ದಕ್ಕೆ?